ಸಂಗೀತದ ಕೃತಿಸ್ವಾಮ್ಯವೂ ಹೊಸ ಯಂತ್ರಗಳೂ: ಅಂತರಜಾಲ ವ್ಯಾಜ್ಯಗಳ ಒಂದು ಚಾರಿತ್ರಿಕ ಸಮೀಕ್ಷೆ

೧

ಒಬ್ಬನ ಕೊಟ್ಟಿಗೆಯಿಂದ ಹಸುವನ್ನು ಹೊಡೆದುಕೊಂಡು ಹೋದರೆ ಕೊಟ್ಟಿಗೆ ಬರಿದಾಗುತ್ತದೆ. ಆದರೆ ಒಬ್ಬನು ಕಟ್ಟಿದ ಹಾಡನ್ನು ಮತ್ತೊಬ್ಬನು ನಕಲು ಮಾಡಿಕೊಂಡರೆ ಮೊದಲಿನವನ ಹಾಡು ಅವನಲ್ಲಿಯೇ ಉಳಿದಿರುತ್ತದೆ. ಈ ಎರಡು ಕ್ರಿಯೆಗಳನ್ನೂ ಕಳವೆಂಬ ಒಂದೇ ಹೆಸರಿನಿಂದ ಕರೆಯಬಹುದೇ ಎಂಬುದು ನ್ಯಾಯಶಾಸ್ತ್ರದಲ್ಲಿ ಬಹುಕಾಲದಿಂದ ಚರ್ಚೆಗೆ ಬಂದಿರುವ ಪ್ರಶ್ನೆ. ಎರಡನೆಯದರಿಂದ ಯಾರಿಗೂ ಹಾನಿಯಿಲ್ಲವೆಂದು ತಳ್ಳಿಹಾಕುವುದೂ ಸಾಧ್ಯವಿಲ್ಲ. ಹಾಡು ಕಟ್ಟಿದವನಿಗೂ ಹಾಡಿದವನಿಗೂ ಧ್ವನಿಮುದ್ರಣಕ್ಕೆ ಹಣ ಹೂಡಿದವನಿಗೂ ನ್ಯಾಯವಾಗಿ ಬರಬೇಕಾದ ಸಂಪಾದನೆ ಇಂಥ ನಕಲಿನಿಂದ ತಪ್ಪಿಹೋಗಬಹುದು. ಸಂಪಾದನೆಯೇ ಇಲ್ಲವಾದರೆ ಹೊಸ ಕೃತಿಗಳು ಹುಟ್ಟುವುದೂ ಕಡಮೆಯಾದೀತು. ನಕಲು ಮಾಡುವ ಅಧಿಕಾರವನ್ನು ಒಂದು ಗೊತ್ತಾದ ಅವಧಿಯವರೆಗೆ ಒಬ್ಬನ ವಶಕ್ಕೆ ಕೊಡುವ ‘ಕೃತಿಸ್ವಾಮ್ಯ’ವೆಂಬ ಹಕ್ಕು ಈ ಇಕ್ಕಟ್ಟಿನಿಂದಲೇ ಹುಟ್ಟಿದುದು.

ಈ ಹಕ್ಕಿನ ಚರಿತ್ರೆಯು ಬಹುಮಟ್ಟಿಗೆ ಯಂತ್ರಗಳ ಚರಿತ್ರೆಯೂ ಹೌದು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಅದರ ಅಗತ್ಯವೇ ತೋರಿರಲಿಲ್ಲ. ಪ್ರತಿಗಳನ್ನು ಮಾಡುವ ಹೊಸದೊಂದು ಸಾಧನ ಬಂದಾಗಲೆಲ್ಲ ಹಳೆಯ ಶಾಸನದ ಮಾತುಗಳು ಹೊಸ ಸನ್ನಿವೇಶಕ್ಕೆ ಸಾಲದೆ ಹೋಗಿವೆ. ಆಗ ವ್ಯಾಜ್ಯಗಳು ಹುಟ್ಟಿವೆ. ೧೯೯೯ರಿಂದ ಮುಂದಿನ ಎರಡು ದಶಕಗಳಲ್ಲಿ, ಅಂತರಜಾಲದ ಮೂಲಕ ಹಾಡುಗಳನ್ನು ಹಂಚಿಕೊಳ್ಳುವ ತಾಣಗಳ ಮೇಲೆ ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಭಾರತದಲ್ಲಿಯೂ ನಡೆದ ಮೊಕದ್ದಮೆಗಳು ಈ ಸಾಲಿಗೆ ಸೇರಿದವು. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಕಾಲಕ್ರಮದಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಲೇಖನದ ಪ್ರತಿಪಾದನೆಯನ್ನು ಮೊದಲೇ ಹೇಳಿಬಿಡುವುದು ಯುಕ್ತ. ಈ ಮೊಕದ್ದಮೆಗಳಲ್ಲಿ ಹೆಚ್ಚಿನವುಗಳನ್ನು ಹಕ್ಕಿನ ಒಡೆಯರೇ ಗೆದ್ದರು. ಆದರೂ ಗೆಲುವಿನಿಂದ ಅನಧಿಕೃತ ನಕಲು ನಿಲ್ಲಲಿಲ್ಲ. ಸುಮಾರು ಒಂದು ಶತಮಾನದ ಹಿಂದೆ ಇದೇ ಬಗೆಯ ಇಕ್ಕಟ್ಟು ಒದಗಿದಾಗ ಅಮೆರಿಕದ ಶಾಸನಸಭೆಯು ಯಂತ್ರವನ್ನು ನಿಷೇಧಿಸದೆ, ಹಾಡಿಗೆ ಒಂದು ಬೆಲೆಯನ್ನು ಗೊತ್ತುಮಾಡಿ ವಿವಾದವನ್ನು ಮುಗಿಸಿತ್ತು. ಈ ಸಲ ಆ ಮಾರ್ಗವನ್ನು ಹಿಡಿಯಲು ಬಹಳ ತಡವಾಯಿತು. ಆ ವಿಳಂಬದ ಬೆಲೆಯನ್ನು ತೆತ್ತವರಲ್ಲಿ ಯಂತ್ರವನ್ನು ಕಟ್ಟಿದವರಿಗಿಂತ ಸಾಮಾನ್ಯ ಶ್ರೋತೃಗಳೇ ಹೆಚ್ಚು.

೨

ಗ್ರಂಥಗಳ ಕೃತಿಸ್ವಾಮ್ಯಕ್ಕೆ ಆಧಾರವಾದ ಮೊದಲ ಶಾಸನ ಇಂಗ್ಲೆಂಡಿನಲ್ಲಿ ಆನ್ ರಾಣಿಯ ಆಳ್ವಿಕೆಯಲ್ಲಿ, ೧೭೧೦ರಲ್ಲಿ, ಜಾರಿಗೆ ಬಂದಿತು. ಅದರಲ್ಲಿ ಸಂಗೀತದ ಹೆಸರೇ ಇರಲಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ಸಂಗೀತಗಾರ ಯೊಹಾನ್ ಕ್ರಿಸ್ಟಿಯನ್ ಬಾಖನು ತನ್ನ ಕೃತಿಗಳನ್ನು ಅನುಮತಿಯಿಲ್ಲದೆ ಅಚ್ಚುಮಾಡಿದ ಪ್ರಕಾಶಕರ ಮೇಲೆ ಹೂಡಿದ ದಾವೆಯಲ್ಲಿ, ಮುದ್ರಿತ ಸ್ವರಲಿಪಿಯೂ ಒಂದು ಬರಹವೇ ಎಂದು ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡನು ೧೭೭೭ರಲ್ಲಿ ತೀರ್ಪಿತ್ತನು. ಅಲ್ಲಿಂದ ಮುಂದೆ ಸಂಗೀತದ ಒಡೆತನವೆಂದರೆ ಕಾಗದದ ಮೇಲಿನ ಸ್ವರಲಿಪಿಯ ಒಡೆತನವೆಂಬ ಭಾವನೆ ರೂಢಿಯಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಬೀದಿಗಳಲ್ಲಿ ಜನಪ್ರಿಯ ಹಾಡುಗಳ ಕಳ್ಳ ಅಚ್ಚುಗಳು ಅಗ್ಗದ ಬೆಲೆಗೆ ಮಾರಾಟವಾಗತೊಡಗಿದಾಗ, ಅವನ್ನು ತಡೆಯಲು ಬ್ರಿಟಿಷ್ ಪಾರ್ಲಿಮೆಂಟು ೧೯೦೨ರಲ್ಲಿ ಒಂದು ಶಾಸನವನ್ನೂ, ಅದು ಸಾಲದೆಂದು ೧೯೦೬ರಲ್ಲಿ ಮತ್ತೊಂದನ್ನೂ ಮಾಡಬೇಕಾಯಿತು. ಕಡಲ್ಗಳ್ಳತನಕ್ಕೆ ಸಲ್ಲುವ ‘ಪೈರಸಿ’ ಎಂಬ ಮಾತು ಈ ನಕಲುಗಳಿಗೂ ಆಗಲೇ ಅಂಟಿಕೊಂಡಿತ್ತು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೊಂದು ಯಂತ್ರ ಮನೆಮನೆಗೆ ಬರುತ್ತಿತ್ತು. ಅದು ತನ್ನಷ್ಟಕ್ಕೆ ತಾನೇ ನುಡಿಯುವ ಪಿಯಾನೋ. ರಂಧ್ರಗಳನ್ನು ಕೊರೆದ ಕಾಗದದ ಸುರುಳಿಯೊಂದು ಅದರೊಳಗೆ ಸುತ್ತುತ್ತಿದ್ದಂತೆ ಗಾಳಿಯ ಒತ್ತಡದಿಂದ ತಕ್ಕ ಸ್ವರಗಳು ಹೊಮ್ಮುತ್ತಿದ್ದುವು. ಸುರುಳಿಯನ್ನು ತಯಾರಿಸುವವರು ಹಾಡು ಕಟ್ಟಿದವರಿಗೆ ಏನನ್ನೂ ಕೊಡುತ್ತಿರಲಿಲ್ಲ. ಈ ವಿಷಯದಲ್ಲಿ ವೈಟ್-ಸ್ಮಿತ್ ಎಂಬ ಸಂಗೀತ ಪ್ರಕಾಶಕರು ಅಪೊಲೊ ಕಂಪೆನಿಯ ಮೇಲೆ ಹೂಡಿದ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಸುರುಳಿಯ ರಂಧ್ರಗಳನ್ನು ಮನುಷ್ಯನು ಕಣ್ಣಿನಿಂದ ಓದಲಾರನು. ಆದುದರಿಂದ ಅದು ಕೃತಿಯ ಪ್ರತಿಯಲ್ಲ, ಯಂತ್ರದ ಒಂದು ಭಾಗ ಮಾತ್ರ ಎಂದು ೧೯೦೮ರಲ್ಲಿ ತೀರ್ಪಾಯಿತು. ನ್ಯಾಯಮೂರ್ತಿ ಹೋಮ್ಸನು ತೀರ್ಪನ್ನು ಒಪ್ಪಿಕೊಂಡರೂ, ನಾದವನ್ನು ಮತ್ತೆ ಹುಟ್ಟಿಸುವ ಸಾಧನವೆಲ್ಲವೂ ವಿವೇಚನೆಯ ದೃಷ್ಟಿಯಿಂದ ಪ್ರತಿಯೇ ಆಗಬೇಕೆಂದೂ, ಶಾಸನ ಸಂಕುಚಿತವಾಗಿದ್ದರೆ ಅದನ್ನು ತಿದ್ದುವ ಹೊಣೆ ಶಾಸನಸಭೆಯದೆಂದೂ ಸೂಚಿಸಿದನು.

ಶಾಸನಸಭೆ ತಡಮಾಡಲಿಲ್ಲ. ಆದರೆ ಅದರ ಮುಂದೆ ಎರಡು ಅಂಜಿಕೆಗಳಿದ್ದುವು. ಹಾಡು ಕಟ್ಟಿದವರಿಗೆ ಏನೂ ದೊರೆಯದೆ ಹೋಗುವುದು ಒಂದು. ಅವರಿಗೆ ಪೂರ್ಣ ಹಕ್ಕನ್ನು ಕೊಟ್ಟರೆ, ಮುಂಚೆಯೇ ಅನೇಕ ಪ್ರಕಾಶಕರೊಡನೆ ಒಪ್ಪಂದ ಮಾಡಿಕೊಂಡಿದ್ದ ಏಯೋಲಿಯನ್ ಎಂಬ ಒಂದೇ ಕಂಪೆನಿಯ ಕೈಗೆ ಸುರುಳಿಯ ವ್ಯಾಪಾರವೆಲ್ಲ ಸಿಕ್ಕಿಬೀಳುವುದು ಇನ್ನೊಂದು. ೧೯೦೯ರ ಕೃತಿಸ್ವಾಮ್ಯ ಶಾಸನ ಎರಡನ್ನೂ ತಪ್ಪಿಸುವ ಮಧ್ಯಮ ಮಾರ್ಗವನ್ನು ಕಂಡುಕೊಂಡಿತು. ಒಮ್ಮೆ ಒಬ್ಬ ತಯಾರಕನಿಗೆ ಅನುಮತಿ ಕೊಟ್ಟ ಮೇಲೆ, ಪ್ರತಿಯೊಂದಕ್ಕೆ ೨ ಸೆಂಟುಗಳಂತೆ ರಾಯಧನ ತೆತ್ತು ಬೇರೆ ಯಾರು ಬೇಕಾದರೂ ಅದೇ ಹಾಡನ್ನು ಯಂತ್ರಕ್ಕೆ ಅಳವಡಿಸಬಹುದು, ಒಡೆಯನು ಬೇಡವೆನ್ನುವಂತಿಲ್ಲ. ಇದಕ್ಕೆ ‘ಕಡ್ಡಾಯ ಪರವಾನಗಿ’ ಎಂದು ಹೆಸರು. ಬ್ರಿಟನ್ನಿನ ೧೯೧೧ರ ಶಾಸನದಲ್ಲಿಯೂ ಇಂಥದೇ ಏರ್ಪಾಡು ಸೇರಿತು. ಅದನ್ನೇ ಮಾರ್ಪಾಡುಗಳೊಡನೆ ೧೯೧೪ರಲ್ಲಿ ಭಾರತಕ್ಕೆ ಅನ್ವಯಿಸಲಾಯಿತು. ಸ್ವತಂತ್ರ ಭಾರತದ ೧೯೫೭ರ ಶಾಸನವೂ ಧ್ವನಿಮುದ್ರಿತವಾದ ಹಾಡನ್ನು, ಗೊತ್ತಾದ ಕಾಲ ಕಳೆದ ಮೇಲೆ, ರಾಯಧನ ಕೊಟ್ಟು ಬೇರೆಯವರು ಹೊಸದಾಗಿ ಹಾಡಿಸಿ ಮುದ್ರಿಸಲು ಅವಕಾಶ ಕೊಟ್ಟಿತು.

ಈ ಏರ್ಪಾಡಿನಲ್ಲಿ ದೋಷಗಳಿರಲಿಲ್ಲವೆಂದು ಹೇಳಲಾಗದು. ಅಮೆರಿಕದಲ್ಲಿ ೧೯೦೯ರಲ್ಲಿ ಗೊತ್ತುಮಾಡಿದ ೨ ಸೆಂಟಿನ ದರ ೧೯೭೭ರ ಕೊನೆಯವರೆಗೂ, ಎಂದರೆ ಸುಮಾರು ಎಪ್ಪತ್ತು ವರ್ಷಗಳ ಕಾಲ, ಬದಲಾಗಲಿಲ್ಲ. ಎರಡು ಮಹಾಯುದ್ಧಗಳು ಮುಗಿದು ಎಲ್ಲ ಪದಾರ್ಥಗಳ ಬೆಲೆ ಏರಿದರೂ ಹಾಡಿನ ಬೆಲೆ ಏರದೆ ನಿಂತಿತು. ಹಾಡು ಕಟ್ಟುವವರು ಇದನ್ನು ಅನ್ಯಾಯವೆಂದು ಕರೆದುದು ಸಹಜವೇ. ಮತ್ತೊಂದು ಅಂಶವನ್ನೂ ವಾಚಕರು ನೆನಪಿನಲ್ಲಿಡಬೇಕು. ಕಡ್ಡಾಯ ಪರವಾನಗಿ ಅನ್ವಯಿಸುತ್ತಿದ್ದುದು ಹಾಡಿನ ರಚನೆಗೆ ಮಾತ್ರ. ಹಾಡಿದ ಧ್ವನಿಯ ಮುದ್ರಣಕ್ಕಲ್ಲ. ಧ್ವನಿಮುದ್ರಣಕ್ಕೆ ಅಮೆರಿಕದ ಕೇಂದ್ರ ಶಾಸನದಲ್ಲಿ ಕೃತಿಸ್ವಾಮ್ಯ ದೊರೆತುದು ೧೯೭೨ರಲ್ಲಿ. ಆಗ ಅದು ಇಂಥ ಪರವಾನಗಿಯ ಕಟ್ಟಿಲ್ಲದ ಪೂರ್ಣ ಹಕ್ಕಾಗಿ ಬಂದಿತು. ಮುಂದಿನ ವ್ಯಾಜ್ಯಗಳ ಮೂಲವು ಈ ವ್ಯತ್ಯಾಸದಲ್ಲಿದೆ.

ಅಂತರಜಾಲದ ಕಾಲಕ್ಕೆ ಬರುವ ಮುನ್ನ ಇನ್ನೊಂದು ತೀರ್ಪನ್ನು ಹೆಸರಿಸಬೇಕು. ದೂರದರ್ಶನದ ಕಾರ್ಯಕ್ರಮಗಳನ್ನು ಮನೆಯಲ್ಲಿಯೇ ಮುದ್ರಿಸಿಕೊಳ್ಳಬಲ್ಲ ಬೀಟಾಮ್ಯಾಕ್ಸ್ ಯಂತ್ರವನ್ನು ಮಾರುತ್ತಿದ್ದ ಸೋನಿ ಕಂಪೆನಿಯ ಮೇಲೆ ಚಲನಚಿತ್ರ ತಯಾರಕರು ೧೯೭೬ರಲ್ಲಿ ದಾವೆ ಹೂಡಿದರು. ಯಂತ್ರಕ್ಕೆ ಗಣನೀಯವಾದ ನಿರ್ದುಷ್ಟ ಉಪಯೋಗಗಳಿರುವಾಗ, ಯಾರೋ ಕೆಲವರು ಅದನ್ನು ಅಕ್ರಮವಾಗಿ ಬಳಸಿದರೆಂಬ ಕಾರಣದಿಂದ ತಯಾರಕನನ್ನು ಹೊಣೆಮಾಡಲಾಗದು ಎಂದು ೧೯೮೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದು ಮಂದಿ ನ್ಯಾಯಮೂರ್ತಿಗಳ ಬಹುಮತದಿಂದ, ನಾಲ್ವರ ಭಿನ್ನಮತದೊಡನೆ, ತೀರ್ಪಿತ್ತಿತು. ಕುಡುಗೋಲಿನಿಂದ ಕೊಲೆಯಾದರೆ ಕಮ್ಮಾರನನ್ನು ಹಿಡಿಯುವಂತಿಲ್ಲ ಎಂಬುದು ಅದರ ತಾತ್ಪರ್ಯ.

೩

ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಸಹೋದ್ಯೋಗಿಗಳು ಮನುಷ್ಯನ ಕಿವಿಗೆ ಕೇಳಿಸದ ಅಂಶಗಳನ್ನು ಬಿಟ್ಟುಹಾಕಿ ಧ್ವನಿಯ ಕಡತವನ್ನು ಕುಗ್ಗಿಸುವ ವಿಧಾನವನ್ನು ರೂಪಿಸಿದರು. ಕಡತಗಳಿಗೆ ‘ಎಂಪಿ೩’ ಎಂಬ ಗುರುತನ್ನು ೧೯೯೫ರಲ್ಲಿ ಆರಿಸಿಕೊಳ್ಳಲಾಯಿತು. ಅಡಕಮುದ್ರಿಕೆಯಲ್ಲಿದ್ದ ಹಾಡು ಸುಮಾರು ಹತ್ತನೆಯ ಒಂದು ಪಾಲಿಗೆ ಕುಗ್ಗಿದುದರಿಂದ ತಂತಿಯ ಮೂಲಕ ಕಳುಹಿಸುವುದು ಸುಲಭವಾಯಿತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಂತೆಲ್ಲ ಧ್ವನಿ ಮಸುಕಾಗುತ್ತಿದ್ದುದು ಹಿಂದಿನ ಅನುಭವ. ಈ ಕಡತದ ಸಾವಿರದ ಪ್ರತಿಯೂ ಮೊದಲನೆಯದರಂತೆಯೇ ಇರುತ್ತಿತ್ತು.

ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಷಾನ್ ಫ್ಯಾನಿಂಗ್ ೧೯೯೯ರ ಜೂನ್ ತಿಂಗಳಲ್ಲಿ ‘ನ್ಯಾಪ್‌ಸ್ಟರ್’ ಎಂಬ ತಂತ್ರಾಂಶವನ್ನು ಬಳಕೆಗೆ ಬಿಟ್ಟರು. ಅದರ ರಚನೆಯನ್ನು ತಿಳಿದುಕೊಳ್ಳುವುದು ಮುಂದಿನ ವ್ಯಾಜ್ಯಗಳನ್ನು ಅರಿಯಲು ಅವಶ್ಯಕ. ಹಾಡುಗಳು ನ್ಯಾಪ್‌ಸ್ಟರಿನ ಬಳಿ ಇರುತ್ತಿರಲಿಲ್ಲ. ಬಳಕೆದಾರರ ಕಂಪ್ಯೂಟರುಗಳಲ್ಲಿಯೇ ಇರುತ್ತಿದ್ದುವು. ಯಾರ ಬಳಿ ಯಾವ ಹಾಡಿದೆ ಎಂಬ ಸೂಚಿ ಮಾತ್ರ ಕಂಪೆನಿಯ ಸರ್ವರಿನಲ್ಲಿತ್ತು. ಒಬ್ಬನು ಹಾಡಿನ ಹೆಸರನ್ನು ಕೇಳಿದರೆ ಸೂಚಿಯು ಮತ್ತೊಬ್ಬನ ವಿಳಾಸವನ್ನು ತೋರಿಸುತ್ತಿತ್ತು. ಅನಂತರ ಹಾಡು ಅವರಿಬ್ಬರ ನಡುವೆ ನೇರವಾಗಿ ಸಾಗುತ್ತಿತ್ತು. ವೇಗದ ಸಂಪರ್ಕವಿದ್ದ ವಿದ್ಯಾರ್ಥಿನಿಲಯಗಳಲ್ಲಿ ಇದು ಮೊದಲು ಹಬ್ಬಿ, ಎರಡು ವರ್ಷ ತುಂಬುವುದರೊಳಗೆ ಬಳಕೆದಾರರ ಸಂಖ್ಯೆ ಎರಡು ಕೋಟಿಯನ್ನು ಮೀರಿತು.

ಧ್ವನಿಮುದ್ರಣದ ಕಂಪೆನಿಗಳು ೧೯೯೯ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ದಾವೆ ಹೂಡಿದುವು. ೨೦೦೦ದ ಏಪ್ರಿಲಿನಲ್ಲಿ ‘ಮೆಟಾಲಿಕ’ ಎಂಬ ವಾದ್ಯತಂಡವೂ ಮೊಕದ್ದಮೆಗೆ ಇಳಿದು, ನ್ಯಾಪ್‌ಸ್ಟರಿನೊಡನೆ ಯೇಲ್, ಇಂಡಿಯಾನ ಮತ್ತು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಗಳನ್ನೂ ಪ್ರತಿವಾದಿಗಳನ್ನಾಗಿ ಹೆಸರಿಸಿತು. ಮೇ ತಿಂಗಳಲ್ಲಿ ತನ್ನ ಹಾಡುಗಳನ್ನು ಹಂಚಿಕೊಂಡ ೩,೩೫,೪೩೫ ಬಳಕೆದಾರರ ಗುರುತುಗಳ ಪಟ್ಟಿಯನ್ನು ನ್ಯಾಪ್‌ಸ್ಟರ್ ಕಚೇರಿಗೆ ತಂದೊಪ್ಪಿಸಿತು. ತಂಡದ ಅಭಿಮಾನಿಗಳೇ ಹೀಗೆ ಪಟ್ಟಿಗೆ ಬಿದ್ದುದು ಆ ಕಾಲದಲ್ಲಿ ಬಹಳ ಚರ್ಚೆಗೆ ಎಡೆಗೊಟ್ಟಿತು.

ನ್ಯಾಪ್‌ಸ್ಟರ್ ಬೀಟಾಮ್ಯಾಕ್ಸ್ ತೀರ್ಪಿನ ಆಸರೆಯನ್ನು ಹಿಡಿಯಿತು. ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ ಅವರು ಅದನ್ನು ಒಪ್ಪದೆ ೨೦೦೦ದ ಜುಲೈ ೨೬ರಂದು ತಡೆಯಾಜ್ಞೆಯನ್ನು ಕೊಟ್ಟರು. ಎರಡು ದಿನಗಳಲ್ಲಿ ಮೇಲ್ಮನವಿಯ ನ್ಯಾಯಾಲಯ ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಿತಾದರೂ, ೨೦೦೧ರ ಫೆಬ್ರವರಿ ೧೨ರ ತೀರ್ಪಿನಲ್ಲಿ ಮುಖ್ಯ ಅಂಶಗಳನ್ನು ಎತ್ತಿಹಿಡಿಯಿತು. ಬೀಟಾಮ್ಯಾಕ್ಸನ್ನು ಮಾರಿದ ಬಳಿಕ ಸೋನಿಗೂ ಯಂತ್ರಕ್ಕೂ ಸಂಬಂಧ ಕಡಿದುಹೋಗುತ್ತಿತ್ತು. ನ್ಯಾಪ್‌ಸ್ಟರಿನ ಸೂಚಿಯಾದರೋ ದಿನದಿನವೂ ಅದರ ವಶದಲ್ಲಿಯೇ ಇತ್ತು. ಏನು ನಡೆಯುತ್ತಿದೆಯೆಂದು ತಿಳಿದಿದ್ದೂ, ತಡೆಯುವ ಶಕ್ತಿಯಿದ್ದೂ ತಡೆಯದವನು ಹೊಣೆಗಾರನೆಂಬುದು ತೀರ್ಪಿನ ಸಾರ.

ಈ ಮೊಕದ್ದಮೆಯ ಒಂದು ಭಾಗ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ನಮ್ಮ ಪ್ರತಿಪಾದನೆಗೆ ಅದೇ ಮುಖ್ಯ. ಮುಚ್ಚಿಸುವ ಬದಲು ರಾಯಧನವನ್ನು ಗೊತ್ತುಮಾಡಿ ನಡೆಸಲು ಬಿಡಬೇಕೆಂದು ನ್ಯಾಪ್‌ಸ್ಟರ್ ಬೇಡಿಕೊಂಡಿತು. ಹಾಗೆ ಮಾಡಿದರೆ ಹಕ್ಕಿನ ಒಡೆಯರು ತಮ್ಮ ಸ್ವತ್ತಿನ ವಿಲೇವಾರಿಯ ಅಧಿಕಾರವನ್ನೇ ಕಳೆದುಕೊಂಡು, ತಪ್ಪು ಮಾಡಿದವನಿಗೆ ಸುಲಭವಾದ ಬಿಡುಗಡೆ ದೊರೆತಂತಾಗುವುದೆಂದು ಮೇಲ್ಮನವಿಯ ನ್ಯಾಯಾಲಯ ನಿರಾಕರಿಸಿತು. ತೀರ್ಪಾದ ಕೆಲವೇ ದಿನಗಳಲ್ಲಿ ಕಂಪೆನಿಯು ಐದು ವರ್ಷಗಳಲ್ಲಿ ೧೦೦ ಕೋಟಿ ಡಾಲರುಗಳನ್ನು ಕೊಡುವುದಾಗಿ ವಾದಿಗಳ ಮುಂದೆ ಸಲಹೆಯನ್ನಿಟ್ಟಿತು. ಅವರು ಒಪ್ಪಲಿಲ್ಲ. ೨೦೦೧ರ ಜುಲೈಯಲ್ಲಿ ನ್ಯಾಪ್‌ಸ್ಟರ್ ನಿಂತಿತು; ಮರುವರ್ಷದ ಜೂನಿನಲ್ಲಿ ದಿವಾಳಿ ಅರ್ಜಿ ಹಾಕಿತು.

ನ್ಯಾಯಾಲಯದ ನಿಲುವು ತಪ್ಪೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಕಂಪೆನಿಗಳ ದೂರಿನಲ್ಲಿ ಹುರುಳಿತ್ತು. ನ್ಯಾಪ್‌ಸ್ಟರ್ ಮೊದಲು ಬೀಗ ಒಡೆದು ಅನಂತರ ಬಾಡಿಗೆಯ ಮಾತೆತ್ತಿದಂತಿತ್ತು. ಹಾಡಿನ ಬೆಲೆ ಕಟ್ಟುವುದು ನ್ಯಾಯಾಧೀಶರ ಕೆಲಸವಲ್ಲವೆಂಬುದೂ ನಿಜ. ಆದರೆ ೧೯೦೮ರಲ್ಲಿ ಹೋಮ್ಸನು ಸೂಚಿಸಿದ್ದಂತೆ ಅದು ಶಾಸನಸಭೆಯ ಕೆಲಸವಾಗಿತ್ತು. ಸೆನೆಟ್ಟಿನ ನ್ಯಾಯಾಂಗ ಸಮಿತಿ ೨೦೦೦ದ ಜುಲೈ ೧೧ರಂದು ಈ ವಿಷಯದಲ್ಲಿ ಸಾಕ್ಷ್ಯಗಳನ್ನು ಕೇಳಿತು. ೨೦೦೧ರ ಏಪ್ರಿಲಿನಲ್ಲಿ ಮತ್ತೊಮ್ಮೆ ಕೇಳಿತು. ೧೯೦೯ರಲ್ಲಿ ಆದಂತೆ ಶಾಸನವಾಗಲಿಲ್ಲ. ಬಾಗಿಲನ್ನು ಮುಚ್ಚಲು ಕಾನೂನಿತ್ತು. ತೆರೆದ ಬಾಗಿಲಲ್ಲಿ ಸುಂಕ ಎತ್ತಲು ಇರಲಿಲ್ಲ.

೪

ನ್ಯಾಪ್‌ಸ್ಟರಿನ ತೀರ್ಪನ್ನು ಅತ್ಯಂತ ಎಚ್ಚರಿಕೆಯಿಂದ ಓದಿದವರು ಅದರ ಉತ್ತರಾಧಿಕಾರಿಗಳಾದ ತಂತ್ರಾಂಶ ರಚಕರು. ಸೂಚಿಯು ವಶದಲ್ಲಿದ್ದುದೇ ನ್ಯಾಪ್‌ಸ್ಟರಿಗೆ ಮುಳುವಾಯಿತೆಂದಮೇಲೆ, ಸೂಚಿಯನ್ನೇ ತೆಗೆದುಹಾಕಿದರೆ ಹೊಣೆಯೂ ಇಲ್ಲವಾಗಬೇಕು. ಕಜಾ, ಗ್ರಾಕ್‌ಸ್ಟರ್, ಮಾರ್ಫಿಯಸ್ ಮೊದಲಾದವುಗಳಲ್ಲಿ ಕೇಂದ್ರ ಸೂಚಿ ಇರಲಿಲ್ಲ. ಹುಡುಕುವ ಕೆಲಸವನ್ನೂ ಬಳಕೆದಾರರ ಕಂಪ್ಯೂಟರುಗಳೇ ತಮ್ಮೊಳಗೆ ನಡೆಸುತ್ತಿದ್ದುವು. ತೀರ್ಪುಗಳು ಯಂತ್ರವನ್ನು ನಾಶಮಾಡಲಿಲ್ಲ. ಮುಂದಿನ ಯಂತ್ರದ ನಕ್ಷೆಯನ್ನು ಬರೆದುಕೊಟ್ಟವು ಎಂದರೆ ಅತಿಶಯೋಕ್ತಿಯಾಗಲಾರದು.

ಈ ಯುಕ್ತಿ ಕೆಲವು ಕಾಲ ಫಲಿಸಿತು. ಗ್ರಾಕ್‌ಸ್ಟರ್ ಮೊಕದ್ದಮೆಯಲ್ಲಿ ೨೦೦೩ರ ಏಪ್ರಿಲಿನಲ್ಲಿ ಕೆಳಗಿನ ನ್ಯಾಯಾಲಯವೂ ೨೦೦೪ರ ಆಗಸ್ಟಿನಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಪ್ರತಿವಾದಿಗಳ ಪರವಾಗಿ ತೀರ್ಪಿತ್ತುವು. ಆದರೆ ೨೦೦೫ರ ಜೂನ್ ೨೭ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಅದನ್ನು ತಿರುಗಿಸಿದರು. ನ್ಯಾಯಮೂರ್ತಿ ಸೌಟರ್ ಅವರು ಬರೆದ ತೀರ್ಪು ಯಂತ್ರದ ರಚನೆಯನ್ನು ಬಿಟ್ಟು ತಯಾರಕನ ಉದ್ದೇಶದ ಕಡೆಗೆ ತಿರುಗಿತು. ನ್ಯಾಪ್‌ಸ್ಟರನ್ನು ಬಿಟ್ಟುಬಂದವರನ್ನು ಸೆಳೆಯಲು ಈ ಕಂಪೆನಿಗಳು ಪ್ರಯತ್ನಿಸಿದ್ದುವು. ಅಕ್ರಮವನ್ನು ಸೋಸುವ ಯಾವ ಏರ್ಪಾಡನ್ನೂ ಮಾಡಿರಲಿಲ್ಲ. ಬಳಕೆ ಹೆಚ್ಚಿದಷ್ಟೂ ಜಾಹೀರಾತಿನ ವರಮಾನ ಹೆಚ್ಚುತ್ತಿತ್ತು. ಹೀಗೆ ಉಲ್ಲಂಘನೆಗೆ ಪ್ರೇರಣೆ ಕೊಟ್ಟವನು ಹೊಣೆಗಾರನೆಂಬ ಸೂತ್ರ ಸ್ಥಿರವಾಯಿತು. ಗ್ರಾಕ್‌ಸ್ಟರ್ ಅದೇ ವರ್ಷದ ನವೆಂಬರಿನಲ್ಲಿ ಮುಚ್ಚಿತು. ಆಸ್ಟ್ರೇಲಿಯದ ನ್ಯಾಯಾಲಯ ಅದೇ ವರ್ಷ ಕಜಾದ ವಿರುದ್ಧ ತೀರ್ಪಿತ್ತಿತು. ಲೈಮ್‌ವೈರ್ ಎಂಬುದನ್ನು ೨೦೧೦ರ ಅಕ್ಟೋಬರಿನಲ್ಲಿ ನ್ಯಾಯಾಧೀಶೆ ಕಿಂಬಾ ವುಡ್ ಅವರ ಆಜ್ಞೆ ನಿಲ್ಲಿಸಿತು; ಮರುವರ್ಷ ಅದು ೧೦.೫ ಕೋಟಿ ಡಾಲರು ತೆತ್ತು ರಾಜಿಯಾಯಿತು.

೨೦೦೩ರಲ್ಲಿ ಕಂಪೆನಿಗಳ ಸಂಘವು ಬೇರೊಂದು ಮಾರ್ಗವನ್ನು ಹಿಡಿದಿತ್ತು. ಯಂತ್ರವನ್ನು ಮಾಡಿದವನು ಸಿಕ್ಕದಿದ್ದರೆ ಬಳಸಿದವನನ್ನು ಹಿಡಿಯುವುದು. ಆ ವರ್ಷದ ಏಪ್ರಿಲಿನಲ್ಲಿ, ಕಾಲೇಜಿನ ಜಾಲದೊಳಗೆ ಹುಡುಕುವ ಸೌಕರ್ಯವನ್ನು ನಡೆಸುತ್ತಿದ್ದ ನಾಲ್ವರು ವಿದ್ಯಾರ್ಥಿಗಳ ಮೇಲೆ ದಾವೆಗಳಾದುವು. ಒಬ್ಬೊಬ್ಬರೂ ೧೨,೦೦೦ದಿಂದ ೧೭,೫೦೦ ಡಾಲರುಗಳವರೆಗೆ ಕೊಟ್ಟು ರಾಜಿ ಮಾಡಿಕೊಂಡರು. ಸೆಪ್ಟೆಂಬರ್ ೮ರಂದು ಒಂದೇ ದಿನ ೨೬೧ ಮಂದಿ ಶ್ರೋತೃಗಳ ಮೇಲೆ ದಾವೆಗಳು ದಾಖಲಾದುವು. ಅವರಲ್ಲಿ ನ್ಯೂಯಾರ್ಕ್ ನಗರದ ಹನ್ನೆರಡು ವರ್ಷದ ಬಾಲಿಕೆಯೊಬ್ಬಳಿದ್ದಳು. ಮರುದಿನವೇ ೨,೦೦೦ ಡಾಲರುಗಳಿಗೆ ಅವಳ ವ್ಯಾಜ್ಯ ಇತ್ಯರ್ಥವಾಯಿತು. ೨೦೦೭ರ ಫೆಬ್ರವರಿಯಲ್ಲಿ ಹದಿಮೂರು ವಿಶ್ವವಿದ್ಯಾನಿಲಯಗಳಿಗೆ ೪೦೦ ಪತ್ರಗಳು ಹೋದುವು. ದಾವೆಗೆ ಮೊದಲೇ ಹಣ ಕೊಟ್ಟು ಮುಗಿಸಿಕೊಳ್ಳುವಂತೆ ವಿದ್ಯಾರ್ಥಿಗಳಿಗೆ ತಿಳಿಸಬೇಕೆಂದು ಅವುಗಳಲ್ಲಿತ್ತು. ಅಧ್ಯಾಪಕರಿಗೆ ಇದು ಯೋಚನಾರ್ಹ ಪ್ರಸಂಗ. ಜಾಲವನ್ನು ಜ್ಞಾನಾರ್ಜನೆಗಾಗಿ ಕಟ್ಟಿದ ವಿದ್ಯಾಸಂಸ್ಥೆಯು ತನ್ನ ವಿದ್ಯಾರ್ಥಿಯ ಗುರುತನ್ನು ಕಾಯಬೇಕೋ, ಕೇಳಿದವರಿಗೆ ಒಪ್ಪಿಸಬೇಕೋ ಎಂಬ ಪ್ರಶ್ನೆಗೆ ಎಲ್ಲ ವಿಶ್ವವಿದ್ಯಾನಿಲಯಗಳೂ ಒಂದೇ ಉತ್ತರವನ್ನು ಕೊಡಲಿಲ್ಲ.

ಇಂಥ ಮೊಕದ್ದಮೆಗಳಲ್ಲಿ ಜ್ಯೂರಿಯವರೆಗೆ ಹೋದುವು ಬೆರಳೆಣಿಕೆಯಷ್ಟು ಮಾತ್ರ. ಅವುಗಳಲ್ಲಿ ಮೊದಲನೆಯದು ಮಿನ್ನೆಸೋಟ ರಾಜ್ಯದ ಒಬ್ಬ ಮಹಿಳೆಯದು. ೨೪ ಹಾಡುಗಳನ್ನು ಹಂಚಿಕೊಂಡುದಕ್ಕಾಗಿ ೨೦೦೭ರ ಅಕ್ಟೋಬರಿನಲ್ಲಿ ಜ್ಯೂರಿಯು ೨,೨೨,೦೦೦ ಡಾಲರು ಪರಿಹಾರವನ್ನು ವಿಧಿಸಿತು. ನ್ಯಾಯಾಧೀಶರು ಆ ವಿಚಾರಣೆಯನ್ನು ರದ್ದುಗೊಳಿಸಿ ಮತ್ತೆ ನಡೆಸಿದಾಗ, ೨೦೦೯ರಲ್ಲಿ, ಮೊತ್ತ ೧೯,೨೦,೦೦೦ಕ್ಕೆ, ಎಂದರೆ ಹಾಡೊಂದಕ್ಕೆ ೮೦,೦೦೦ ಡಾಲರುಗಳಿಗೆ, ಏರಿತು. ನ್ಯಾಯಾಧೀಶರು ಅದನ್ನು ೫೪,೦೦೦ಕ್ಕೆ ಇಳಿಸಿದರು, ಕಂಪೆನಿಗಳು ಒಪ್ಪದೆ ಮೂರನೆಯ ವಿಚಾರಣೆಯಾಗಿ ೨೦೧೦ರಲ್ಲಿ ೧೫ ಲಕ್ಷವಾಯಿತು, ಮತ್ತೆ ಇಳಿಯಿತು, ಕಡೆಗೆ ೨೦೧೨ರಲ್ಲಿ ಮೇಲ್ಮನವಿಯ ನ್ಯಾಯಾಲಯ ಮೊದಲಿನ ೨,೨೨,೦೦೦ವನ್ನೇ ಸ್ಥಿರಪಡಿಸಿತು. ಒಂದೇ ಕೃತ್ಯದ ಬೆಲೆ ಐದು ವರ್ಷಗಳಲ್ಲಿ ಹೀಗೆ ಮೂವತ್ತೈದು ಪಟ್ಟು ಏರಿಳಿದುದಕ್ಕೆ ಕಾರಣ ಶಾಸನದಲ್ಲಿಯೇ ಇತ್ತು. ಕೃತಿಯೊಂದಕ್ಕೆ ೭೫೦ರಿಂದ ೩೦,೦೦೦ ಡಾಲರು, ಬುದ್ಧಿಪೂರ್ವಕವಾದ ತಪ್ಪಾದರೆ ೧,೫೦,೦೦೦ದವರೆಗೆ ಎಂದು ಅಮೆರಿಕದ ಶಾಸನ ಹೇಳುತ್ತದೆ. ಆದ ನಷ್ಟವನ್ನು ರುಜುವಾತುಪಡಿಸಬೇಕಾಗಿಲ್ಲ. ಅದೇ ಕಾಲದಲ್ಲಿ ಅಂಥ ಒಂದು ಹಾಡನ್ನು ನ್ಯಾಯವಾಗಿ ಕೊಳ್ಳಲು ಬೇಕಾಗಿದ್ದ ಹಣ ಸುಮಾರು ಒಂದು ಡಾಲರು.

೨೦೦೮ರ ಡಿಸೆಂಬರಿನಲ್ಲಿ ಸಂಘವು ಶ್ರೋತೃಗಳ ಮೇಲಿನ ಸಾಮೂಹಿಕ ದಾವೆಗಳನ್ನು ನಿಲ್ಲಿಸುವುದಾಗಿ ಪ್ರಕಟಿಸುವ ಹೊತ್ತಿಗೆ ಅವುಗಳ ಸಂಖ್ಯೆ ೩೦,೦೦೦ವನ್ನು ಮೀರಿತ್ತು. ಬಹುಪಾಲು ಜನ ಕೆಲವು ಸಾವಿರ ಡಾಲರು ಕೊಟ್ಟು ಬಿಡಿಸಿಕೊಂಡರು. ವಕೀಲರಿಗೆ ಕೊಡುವ ಹಣ ಅದಕ್ಕಿಂತ ಹೆಚ್ಚಾಗುತ್ತಿತ್ತು. ವಸೂಲಾದುದು ವಾದಿಗಳಾದ ಕಂಪೆನಿಗಳಿಗೆ ಸೇರುವಂಥದು. ಹಾಡಿದವರಿಗೆ ಇಷ್ಟು ಪಾಲು ಸಲ್ಲಬೇಕೆಂಬ ಕಟ್ಟಳೆ ಈ ತೀರ್ಪುಗಳಲ್ಲಿರಲಿಲ್ಲ. ಹಳೆಯ ೨ ಸೆಂಟುಗಳಾದರೂ ಪ್ರತಿ ಸುರುಳಿಯ ಮೇಲೂ ಹಾಡಿನ ಒಡೆಯನಿಗೆ ಸಲ್ಲುತ್ತಿದ್ದುವು.

೫

ಯೂರೋಪಿನ ವ್ಯಾಜ್ಯಗಳಲ್ಲಿ ಸ್ವೀಡನ್ನಿನ ‘ಪೈರೇಟ್ ಬೇ’ ತಾಣದ್ದು ಪ್ರಸಿದ್ಧವಾದುದು. ೨೦೦೧ರಲ್ಲಿ ಬ್ರಾಮ್ ಕೊಹೆನ್ ರಚಿಸಿದ ಬಿಟ್‌ಟೊರೆಂಟ್ ಎಂಬ ವಿಧಾನದಲ್ಲಿ ಕಡತವು ಚೂರುಚೂರಾಗಿ ಅನೇಕರಿಂದ ಏಕಕಾಲದಲ್ಲಿ ಬಂದು ಕೂಡಿಕೊಳ್ಳುತ್ತದೆ. ಆ ಚೂರುಗಳ ದಾರಿಯನ್ನು ತೋರಿಸುವ ಸಣ್ಣ ಕಡತಗಳ ಭಂಡಾರವಾಗಿ ೨೦೦೩ರಲ್ಲಿ ಈ ತಾಣ ಹುಟ್ಟಿತು. ೨೦೦೬ರ ಮೇ ೩೧ರಂದು ಪೊಲೀಸರು ಅದರ ಯಂತ್ರಗಳನ್ನು ವಶಪಡಿಸಿಕೊಂಡರು. ಕೆಲವು ದಿನಗಳಲ್ಲಿ ತಾಣ ಮತ್ತೆ ತೆರೆಯಿತು. ಸ್ಟಾಕ್‌ಹೋಮಿನ ನ್ಯಾಯಾಲಯ ೨೦೦೯ರ ಏಪ್ರಿಲ್ ೧೭ರಂದು ನಾಲ್ವರಿಗೆ ತಲಾ ಒಂದು ವರ್ಷದ ಸೆರೆಯನ್ನೂ, ಒಟ್ಟಾಗಿ ೩ ಕೋಟಿ ಕ್ರೋನರುಗಳ ಪರಿಹಾರವನ್ನೂ ವಿಧಿಸಿತು. ೨೦೧೦ರ ಮೇಲ್ಮನವಿಯಲ್ಲಿ ಮೂವರ ಸೆರೆವಾಸ ಕಡಮೆಯಾಗಿ ಪರಿಹಾರ ಹೆಚ್ಚಿತು. ನಡೆಸುತ್ತಿದ್ದವರು ಸೆರೆಮನೆಗೆ ಹೋದರೂ ತಾಣ ಬೇರೆ ಬೇರೆ ದೇಶಗಳ ಯಂತ್ರಗಳಿಗೆ ಜಾಗ ಬದಲಾಯಿಸುತ್ತ ಮುಂದುವರಿಯಿತು.

ಆಗ ಹಕ್ಕಿನ ಒಡೆಯರು ನಾಲ್ಕನೆಯ ಮಾರ್ಗಕ್ಕೆ ಬಂದರು. ಯಂತ್ರ ಮಾಡಿದವನು, ಸೂಚಿ ಇಟ್ಟವನು, ಬಳಸಿದವನು ಇವರ ಸರದಿ ಮುಗಿದಿತ್ತು. ಉಳಿದುದು ದಾರಿಯನ್ನು ಕಾಯುವವನು, ಎಂದರೆ ಅಂತರಜಾಲದ ಸಂಪರ್ಕವನ್ನು ಒದಗಿಸುವ ಕಂಪೆನಿ. ೨೦೧೨ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯವು ಪೈರೇಟ್ ಬೇ ತಾಣಕ್ಕೆ ಹೋಗುವ ದಾರಿಯನ್ನು ತಡೆಯಬೇಕೆಂದು ಅಲ್ಲಿನ ಸಂಪರ್ಕ ಕಂಪೆನಿಗಳಿಗೆ ಆಜ್ಞೆ ಮಾಡಿತು.

ಭಾರತದಲ್ಲಿಯೂ ಇದೇ ಮಾರ್ಗ ಮುಖ್ಯವಾಯಿತು. ನಮ್ಮಲ್ಲಿ ಸಂಗೀತದ ಪೈರಸಿ ಕ್ಯಾಸೆಟ್ಟುಗಳ ಕಾಲದಲ್ಲಿಯೇ ಬೆಳೆದಿತ್ತು. ಅದನ್ನು ಹತ್ತಿಕ್ಕಲು ೧೯೮೪ರ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿ, ಸಾಮಾನ್ಯವಾಗಿ ಆರು ತಿಂಗಳಿಗೆ ಕಡಮೆಯಿಲ್ಲದ ಸೆರೆವಾಸವನ್ನು ವಿಧಿಸಿತ್ತು. ಅಂತರಜಾಲದ ಕಾಲದಲ್ಲಿ, ೨೦೧೨ರ ಮೊದಲ ತಿಂಗಳುಗಳಲ್ಲಿ, ಸಂಗೀತ ಕಂಪೆನಿಗಳ ಕೋರಿಕೆಯಂತೆ ಕಲ್ಕತ್ತೆಯ ಉಚ್ಚ ನ್ಯಾಯಾಲಯವು ‘ಸಾಂಗ್ಸ್.ಪಿಕೆ’ ಮೊದಲಾದ ನೂರಕ್ಕೂ ಹೆಚ್ಚು ತಾಣಗಳನ್ನು ತಡೆಯಲು ಸಂಪರ್ಕ ಕಂಪೆನಿಗಳಿಗೆ ಆಜ್ಞಾಪಿಸಿತು. ಹೆಸರು ತಿಳಿಯದ ಪ್ರತಿವಾದಿಯನ್ನು ‘ಅಶೋಕ್ ಕುಮಾರ್’ ಎಂಬ ಕಲ್ಪಿತ ನಾಮದಿಂದ ಕರೆದು ತಡೆಯಾಜ್ಞೆ ಪಡೆಯುವ ಪದ್ಧತಿಯೂ ನಮ್ಮ ನ್ಯಾಯಾಲಯಗಳಲ್ಲಿ ಬಳಕೆಗೆ ಬಂದಿತು. ಮುಚ್ಚಿದ ತಾಣ ಹೆಸರು ಬದಲಿಸಿ ಬಂದಾಗ ಹೊಸ ದಾವೆಯಿಲ್ಲದೆಯೇ ಆಜ್ಞೆಯನ್ನು ಅದಕ್ಕೂ ವಿಸ್ತರಿಸುವ ಕ್ರಮವನ್ನು ದೆಹಲಿಯ ಉಚ್ಚ ನ್ಯಾಯಾಲಯ ೨೦೧೯ರ ಏಪ್ರಿಲಿನಲ್ಲಿ, ಚಲನಚಿತ್ರಗಳ ಪೈರಸಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಒಪ್ಪಿಕೊಂಡಿತು. ಕರ್ನಾಟಕದಲ್ಲಿ, ಜನರು ‘ಗೂಂಡಾ ಕಾಯಿದೆ’ ಎಂದು ಕರೆಯುವ ೧೯೮೫ರ ಶಾಸನಕ್ಕೆ ೨೦೧೪ರಲ್ಲಿ ಮಾಡಿದ ತಿದ್ದುಪಡಿಯು ವಾಣಿಜ್ಯದ ಉದ್ದೇಶದಿಂದ ಕೃತಿಸ್ವಾಮ್ಯವನ್ನು ಉಲ್ಲಂಘಿಸುವವರನ್ನೂ ‘ಡಿಜಿಟಲ್ ಅಪರಾಧಿ’ಗಳೆಂದು ಅದರ ವ್ಯಾಪ್ತಿಗೆ ತಂದಿತು. ವಿಚಾರಣೆಗೆ ಮೊದಲೇ ಮುನ್ನೆಚ್ಚರಿಕೆಯ ಬಂಧನಕ್ಕೆ ಎಡೆಗೊಡುವ ಶಾಸನವಾದುದರಿಂದ ಈ ಸೇರ್ಪಡೆ ಆಗಲೇ ಟೀಕೆಗೆ ಒಳಗಾಯಿತು.

ಇದಕ್ಕೆ ಎದುರಾಗಿ ಇನ್ನೊಂದು ತೀರ್ಪನ್ನೂ ಹೆಸರಿಸುವುದು ನ್ಯಾಯ. ಸೂಪರ್ ಕ್ಯಾಸೆಟ್ಸ್ ಕಂಪೆನಿ ‘ಮೈಸ್ಪೇಸ್’ ತಾಣದ ಮೇಲೆ ಹೂಡಿದ ದಾವೆಯಲ್ಲಿ ದೆಹಲಿಯ ಏಕಸದಸ್ಯ ಪೀಠ ೨೦೧೧ರಲ್ಲಿ ತಾಣವನ್ನು ಹೊಣೆಮಾಡಿತ್ತು. ಸಾಮಾನ್ಯವಾದ ತಿಳಿವಳಿಕೆ ಸಾಲದು, ಇಂಥ ಹಾಡು ಇಂಥಲ್ಲಿದೆ ಎಂಬ ನಿರ್ದಿಷ್ಟವಾದ ತಿಳಿವು ಇರಬೇಕೆಂದು ವಿಭಾಗೀಯ ಪೀಠ ೨೦೧೬ರ ಡಿಸೆಂಬರಿನಲ್ಲಿ ಅದನ್ನು ಬದಲಿಸಿತು.

೬

ಇಷ್ಟೆಲ್ಲ ಗೆಲುವುಗಳ ಫಲವೇನು? ಅಮೆರಿಕದ ಧ್ವನಿಮುದ್ರಣ ಉದ್ಯಮದ ವರಮಾನ ೧೯೯೯ರಲ್ಲಿ ಸುಮಾರು ೧,೪೬೦ ಕೋಟಿ ಡಾಲರು ಇದ್ದುದು ೨೦೧೪ರ ಹೊತ್ತಿಗೆ ಅದರ ಅರ್ಧಕ್ಕೆ ಇಳಿಯಿತು. ಈ ಇಳಿತಕ್ಕೆ ಪೈರಸಿಯೊಂದೇ ಕಾರಣವೆಂದು ಹೇಳಲಾಗದು. ಇಡೀ ಅಡಕಮುದ್ರಿಕೆಯನ್ನು ಕೊಳ್ಳುತ್ತಿದ್ದ ಶ್ರೋತೃವು ಬೇಕಾದ ಒಂದೇ ಹಾಡನ್ನು ಕೊಳ್ಳುವ ಪದ್ಧತಿ ಬಂದುದೂ ಕಾರಣ. ಹೇಗೂ ಇರಲಿ, ವ್ಯಾಜ್ಯಗಳಿಂದ ಇಳಿತ ನಿಲ್ಲಲಿಲ್ಲವೆಂಬುದು ಸ್ಪಷ್ಟ.

ಪರಿಸ್ಥಿತಿಯನ್ನು ಬದಲಿಸಿದುದು ನ್ಯಾಯವಾದ ಸರಬರಾಜು. ಆಪಲ್ ಕಂಪೆನಿ ೨೦೦೩ರ ಏಪ್ರಿಲ್ ೨೮ರಂದು ತೆರೆದ ಅಂತರಜಾಲದ ಹಾಡಿನಂಗಡಿಯಲ್ಲಿ ಹಾಡೊಂದರ ಬೆಲೆ ೯೯ ಸೆಂಟು. ಮೊದಲ ವಾರದಲ್ಲಿಯೇ ಹತ್ತು ಲಕ್ಷ ಹಾಡುಗಳು ಮಾರಾಟವಾದುವು. ಪೈರೇಟ್ ಬೇ ಹುಟ್ಟಿದ ಸ್ವೀಡನ್ನಿನಲ್ಲಿಯೇ ಹುಟ್ಟಿದ ‘ಸ್ಪಾಟಿಫೈ’ ೨೦೦೮ರ ಅಕ್ಟೋಬರಿನಲ್ಲಿ, ಹಾಡನ್ನು ಕೊಳ್ಳದೆ ತಿಂಗಳ ಚಂದಾ ಕೊಟ್ಟು, ಅಥವಾ ಜಾಹೀರಾತುಗಳೊಡನೆ ಉಚಿತವಾಗಿ, ಕೇಳುವ ಪದ್ಧತಿಯನ್ನು ಆರಂಭಿಸಿತು. ೨೦೧೬ರಲ್ಲಿ ಅಮೆರಿಕದ ಸಂಗೀತ ವರಮಾನದ ಅರ್ಧಕ್ಕಿಂತ ಹೆಚ್ಚು ಭಾಗ ಇಂಥ ಸೇವೆಗಳಿಂದಲೇ ಬಂದಿತು. ೨೦೦೧ರಲ್ಲಿ ನ್ಯಾಪ್‌ಸ್ಟರ್ ಬೇಡಿದ್ದುದಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ವಾಚಕರು ಗಮನಿಸದೆ ಇರಲಾರರು.

ಕಡೆಯದಾಗಿ ೨೦೧೮ರ ಅಕ್ಟೋಬರಿನಲ್ಲಿ ಅಮೆರಿಕದ ಶಾಸನಸಭೆ ಸಂಗೀತ ಶಾಸನವನ್ನು ಪರಿಷ್ಕರಿಸಿ, ಅಂತರಜಾಲ ಸೇವೆಗಳು ಹಾಡಿನ ರಚನೆಗಳಿಗೆಲ್ಲ ಒಟ್ಟಾಗಿ ಒಂದೇ ಕಡ್ಡಾಯ ಪರವಾನಗಿಯನ್ನು ಪಡೆಯುವ ಏರ್ಪಾಡನ್ನು ಮಾಡಿತು. ರಾಯಧನವನ್ನು ಸಂಗ್ರಹಿಸಿ ಹಂಚುವ ಸಂಸ್ಥೆ ೨೦೨೧ರ ಜನವರಿ ೧ರಿಂದ ಈ ಪರವಾನಗಿಯನ್ನು ನಿರ್ವಹಿಸತೊಡಗಿತು. ೧೯೦೯ರ ಸೂತ್ರವೇ ಹೊಸ ಉಡುಪಿನಲ್ಲಿ ಮರಳಿ ಬಂದಿತು. ಧ್ವನಿಮುದ್ರಣದ ವಿಷಯದಲ್ಲಿಯಾದರೋ, ಕೇಳುಗನು ಕೇಳಿದ ಹಾಡನ್ನು ಕೇಳಿದಾಗ ಒದಗಿಸಲು ಕಂಪೆನಿಗಳ ಒಪ್ಪಿಗೆಯೇ ಬೇಕೆಂಬ ನಿಯಮ ಆ ಶಾಸನದಲ್ಲಿಯೂ ಉಳಿಯಿತು.

ಮೇಲಿನ ಸಮೀಕ್ಷೆಯಿಂದ ಎರಡು ಮಾತುಗಳನ್ನು ಹೇಳಬಹುದೆಂದು ತೋರುತ್ತದೆ. ಮೊದಲನೆಯದು: ನ್ಯಾಯಾಲಯವು ಹಕ್ಕನ್ನು ಕಾಯಬಲ್ಲುದೇ ಹೊರತು ಮಾರುಕಟ್ಟೆಯನ್ನು ಕಟ್ಟಿಕೊಡಲಾರದು. ಯಂತ್ರ ಬದಲಾದಾಗ ಹಕ್ಕಿಗೆ ಹೊಸ ಬೆಲೆಯನ್ನು ಕಟ್ಟುವುದು ಶಾಸನದ ಅಥವಾ ವ್ಯಾಪಾರದ ಕೆಲಸ. ಅದು ನಡೆಯದ ಅವಧಿಯಲ್ಲಿ ಕಾನೂನಿನ ಭಾರವೆಲ್ಲ ಸುಲಭವಾಗಿ ಕೈಗೆ ಸಿಗುವವರ ಮೇಲೆ ಬೀಳುತ್ತದೆ. ಎರಡನೆಯದು: ಬೆಲೆ ಕಟ್ಟಿದ ಮಾತ್ರಕ್ಕೆ ನ್ಯಾಯವಾಯಿತೆಂದೂ ಅಲ್ಲ. ಎಪ್ಪತ್ತು ವರ್ಷ ಅಲುಗಾಡದ ೨ ಸೆಂಟುಗಳು ಹಾಡು ಕಟ್ಟಿದವನ ಹೊಟ್ಟೆಯನ್ನು ತುಂಬಿಸಲಿಲ್ಲ. ಇಂದಿನ ಚಂದಾದ ಹಣದಲ್ಲಿ ಹಾಡಿದವನಿಗೆ ಸಲ್ಲುವ ಪಾಲು ತೀರ ಅಲ್ಪವೆಂಬ ದೂರೂ ಎಲ್ಲೆಡೆ ಕೇಳಿಬರುತ್ತಿದೆ. ಮೂವತ್ತು ಸಾವಿರ ದಾವೆಗಳಿಂದ ಇತ್ಯರ್ಥವಾಗದ ಪ್ರಶ್ನೆ ಇದು. ಹಾಡಿನ ದಾರಿಯಲ್ಲಿ ಸುಂಕದ ಕಟ್ಟೆಯನ್ನು ಕಟ್ಟಿದುದಾಯಿತು. ಅಲ್ಲಿ ಸಂಗ್ರಹವಾದ ಹಣ ಹಾಡಿದವನ ಮನೆಯನ್ನು ಎಷ್ಟರಮಟ್ಟಿಗೆ ತಲುಪುತ್ತಿದೆಯೆಂಬುದನ್ನು ಮುಂದಿನ ಸಂಶೋಧಕರು ಲೆಕ್ಕಪತ್ರಗಳ ಆಧಾರದಿಂದ ಪರಿಶೀಲಿಸಬೇಕಾಗಿದೆ.